ಗಾಳವಿಲ್ಲದ ರಾಡು

ಕಳೆದ ತಿಂಗಳು ಮೂಡಲಗಿಯ ನಮ್ಮ ಹೈಸ್ಕೂಲಿನಲ್ಲಿ ಹಳೆಯ ಮಾಸ್ತರರೊಬ್ಬರಿಗೆ ಶ್ರದ್ಧಾಂಜಲಿ ಸಭೆ ನಡೆಯಿತು. ಬೆಂಚಿನ ಮೇಲೆ ಫೋಟೋ ಇಟ್ಟು, ಹಾರ ಹಾಕಿ, ಊದಿನಕಡ್ಡಿ ಹಚ್ಚಿದ್ದರು. ಹೆಡ್‌ಮಾಸ್ತರರು ಎದ್ದು, ಸಿಟ್ಟು ಎಂಬುದನ್ನೇ ಅರಿಯದ ಮನುಷ್ಯ ಎಂದರು. ಇನ್ನೊಬ್ಬರು, ಇರುವೆಗೂ ನೋವು ಮಾಡಿದವರಲ್ಲ ಎಂದರು. ನನ್ನ ಸರದಿ ಬಂದಾಗ ನಾನು ಎದ್ದು ನಿಂತು, "ಅವರು ಗಣಿತ ಚೆನ್ನಾಗಿ ಕಲಿಸುತ್ತಿದ್ದರು" ಎಂದು ಹೇಳಿ ಕುಳಿತುಬಿಟ್ಟೆ. ಊರಿಗೆಲ್ಲ ಗೊತ್ತಿರುವ ಆ ಮಾತು ಹೇಳುವುದಕ್ಕೆ ನಾನೇ ಬೇಕಾಗಿರಲಿಲ್ಲ. ಮನೆಗೆ ಬಂದ ಮೇಲೆ ನನ್ನ ಮೇಲೆ ನನಗೇ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಮಾತ್ರ ಬರೆಯುವುದಿಲ್ಲ. ನಾನು ಹೇಳಲಿರುವ ಸಂಗತಿ ಅವರ ಮನೆಯವರಿಗೆ ಇಂದಿಗೂ ಗೊತ್ತಿಲ್ಲ.

ನಾನು ಆ ಶಾಲೆಯಲ್ಲಿ ಪಿ.ಟಿ. ಮಾಸ್ತರನಾಗಿದ್ದೆ. ಹುಟ್ಟಿದ್ದು ಹುಕ್ಕೇರಿಯಲ್ಲಿ, ಅನ್ನ ಸಿಕ್ಕಿದ್ದು ಮೂಡಲಗಿಯಲ್ಲಿ. ನನ್ನ ಕೆಲಸ ಸೀಟಿ ಊದುವುದು, ಓಡಿಸುವುದು, ಗುಂಡು ಎಸೆಯಿಸುವುದು. ಅವರು ಗಣಿತದವರು, ನನಗಿಂತ ಹದಿನೈದು ವರ್ಷ ದೊಡ್ಡವರು. ಬಜಾರಿನಲ್ಲಿ ಕಾಳಿನ ಅಂಗಡಿ ಇಟ್ಟುಕೊಂಡಿದ್ದ ಜೈನ ಮನೆತನ; ಅಂಗಡಿಯನ್ನು ಅಣ್ಣ ನೋಡಿಕೊಂಡರೆ, ಇವರು ಶಾಲೆ ಹಿಡಿದಿದ್ದರು. ಸಣಕಲು ಮೈ, ಮೇಲಿನ ಗುಂಡಿಯವರೆಗೆ ಹಾಕಿದ ಬಿಳಿ ಅಂಗಿ. ಯೋಚನೆ ಮಾಡುವಾಗ ಬಲಗೈಯ ಹೆಬ್ಬೆರಳನ್ನು ತೋರುಬೆರಳಿಗೆ ಹಚ್ಚಿ, ಹಿಟ್ಟಿನ ನುಣುಪು ನೋಡುವವರ ಹಾಗೆ ತಿಕ್ಕುತ್ತಿದ್ದರು. ಹುಡುಗರ ಲೆಕ್ಕ ತಪ್ಪಿದರೆ ಕೆಂಪು ಗೆರೆ ಎಳೆಯದೆ, ಪಕ್ಕದಲ್ಲಿ "ಎರಡನೇ ಸಾಲಿನ ತನಕ ಬರೋಬರಿ" ಎಂದು ಬರೆಯುತ್ತಿದ್ದರು. ಬರೋಬರಿ ಎಂಬುದು ಅವರ ಬಾಯಲ್ಲಿ ಹಗಲೆಲ್ಲ ಇರುತ್ತಿದ್ದ ಮಾತು.

ತೊಂಬತ್ತರ ದಶಕದ ನಡುವಿನ ಮಾತು. ಶಾಲೆಯ ಟ್ರಿಪ್ಪು ಗೋವಾಕ್ಕೆ ಹೋಗಿತ್ತು. ಹುಡುಗರು ಟೋಪಿ, ಗೇರುಬೀಜ ಕೊಳ್ಳುತ್ತಿದ್ದರೆ ನಾನು ಮಾಪುಸಾದ ಸಂತೆಯಲ್ಲಿ ಒಂದು ಪ್ಲಾಸ್ಟಿಕ್ ಚೀಲದ ಮುಂದೆ ನಿಂತೆ. ಒಳಗೆ ಎರಡು ತುಂಡಿನ ಕರಿಯ ಫೈಬರ್ ರಾಡು, ಅದಕ್ಕೆ ಕೂಡಿಸಿದ ರೀಲು, ರೀಲಿಗೆ ಮೊದಲೇ ಸುತ್ತಿದ ನೈಲಾನ್ ದಾರ, ಜೊತೆಗೆ ಒಂದು ಡಬ್ಬಿಯಲ್ಲಿ ಗಾಳಗಳು ಮತ್ತು ಚಮಚದಂಥ ಹೊಳೆಯುವ ಒಂದು ತಗಡು. ಎಲ್ಲ ಸೇರಿ ಅಗ್ಗದ ದರ. ಅಂಗಡಿಯವನು ಅಲ್ಲೇ ಬೀದಿಯಲ್ಲಿ ಒಮ್ಮೆ ಬೀಸಿ ತೋರಿಸಿದ. ದಾರ ಸುಂಯ್ ಎಂದು ಹೋಯಿತು. ಕೊಂಡುಬಿಟ್ಟೆ. ಅಗ್ಗದ ಮಾಲಿಗೆ ಅಂಗಡಿಯವನ ಕೈಯಲ್ಲಿರುವ ಗುಣ ನಮ್ಮ ಕೈಗೆ ಬಂದ ಮೇಲೆ ಇರುವುದಿಲ್ಲ ಎಂಬುದು ಆಗ ಗೊತ್ತಿರಲಿಲ್ಲ.

ಮೇಲವಂಕಿಯ ಕಡೆ ಘಟಪ್ರಭೆಯ ದಂಡೆಗೆ ಹೋಗಿ ಮೊದಲ ಸಲ ಬೀಸಿದಾಗ ದಾರ ಸುಂಯ್ ಎನ್ನಲಿಲ್ಲ. ರೀಲಿನಿಂದ ಹತ್ತು ಸುತ್ತು ಒಟ್ಟಿಗೇ ಎದ್ದು ಬಂದು ಗುಬ್ಬಿಗೂಡಾಯಿತು. ಬಿಡಿಸಿ ಮತ್ತೆ ಬೀಸಿದರೆ ಗಾಳ ನನ್ನದೇ ಅಂಗಿಯ ಬೆನ್ನಿಗೆ ಸಿಕ್ಕಿತು. ಮೂರನೆಯ ಸಲ ನೀರಿನ ತನಕ ಹೋಯಿತು, ಆದರೆ ನನ್ನಿಂದ ನಾಲ್ಕೇ ಮಾರು. ಪಕ್ಕದಲ್ಲಿ ಜೋಳದ ದಂಟಿಗೆ ದಾರ ಕಟ್ಟಿಕೊಂಡು ಕುಳಿತಿದ್ದ ಮುದುಕ ಆ ಹೊತ್ತಿಗೆ ಆರು ಮೀನು ಹಿಡಿದಿದ್ದ. ಒಂದು ತಿಂಗಳು ಹೀಗೇ ನಡೆಯಿತು. ಪ್ರತಿ ರವಿವಾರ ಬರಿಗೈಯಲ್ಲಿ ಬಂದು ನಾನು ರೀಲನ್ನು ಬೈಯುವುದು, ನನ್ನ ಹೆಂಡತಿ ಒಲೆಯ ಮುಂದಿನಿಂದ, "ಕುಣ್ಯಾಕ ಬರದಾಕಿ ಅಂಗಳಾನ ಡೊಂಕ ಅಂದಿದ್ಲಂತ" ಎನ್ನುವುದು. ಮಸಾಲೆ ಅರೆದು ಕಾಯುವುದನ್ನು ಅವಳು ಎರಡನೆಯ ವಾರಕ್ಕೇ ಬಿಟ್ಟಿದ್ದಳು.

ಹಟಕ್ಕೆ ಬಿದ್ದು ಶಾಲೆಯ ಮೈದಾನದಲ್ಲೇ ಕಲಿಯೋಣವೆಂದು, ಗಾಳ ತೆಗೆದು, ಸೈಕಲ್ ಅಂಗಡಿಯಿಂದ ತಂದ ಒಂದು ನಟ್ಟನ್ನು ದಾರಕ್ಕೆ ಕಟ್ಟಿ, ಶಾಲೆ ಬಿಟ್ಟ ಮೇಲೆ ಬೀಸತೊಡಗಿದೆ. ಅಲ್ಲೂ ಗುಬ್ಬಿಗೂಡು. ನೆಲಕ್ಕೆ ಕುಕ್ಕರಿಸಿ ಹಲ್ಲಿನಿಂದ ದಾರ ಕಡಿಯಲು ಹೋದಾಗ ಹಿಂದಿನಿಂದ, "ಕಡೀಬ್ಯಾಡ್ರಿ ಮಾಸ್ತರ್ರ, ಕಡದ್ರ ಲೆಕ್ಕಾ ಬಿಟ್ಟಂಗ" ಎಂಬ ದನಿ ಬಂತು. ಅವರು ನನ್ನ ಪಕ್ಕ ಕುಳಿತು, ಕನ್ನಡಕ ಏರಿಸಿ, ಒಂದೊಂದೇ ಸುತ್ತನ್ನು ಉಗುರಿನ ತುದಿಯಿಂದ ಎತ್ತಿ ಬಿಡಿಸಿದರು. ಪೂರ್ತಿ ಮುಕ್ಕಾಲು ತಾಸು. ಆಮೇಲೆ ರೀಲನ್ನು ತಿರುಗಿಸಿ ನೋಡಿ, "ದಾರ ಅಂಚಿನ ತನಕ ತುಂಬ್ಯಾರ್ರಿ ಇವ್ರು. ತುಂಬಿದ ಕೊಡಾ ತುಳುಕತೈತಲ್ಲ, ಹಂಗ ಇದು. ಒಂದ ಜ್ವಾಳದ ಕಾಳಿನಷ್ಟ ಅಂಚ ಬಿಡಬೇಕು" ಎಂದು ಹೇಳಿ ಇಪ್ಪತ್ತು ಮಾರು ದಾರ ತೆಗೆಸಿದರು. ನಾನು ಒಂದು ತಿಂಗಳು ಬೈದ ರೀಲಿನ ರೋಗ ಅಷ್ಟೇ ಆಗಿತ್ತು.

"ಒಂದ ಸಲ ನೋಡ್ಲಿರಿ?" ಎಂದು ರಾಡು ಇಸಿದುಕೊಂಡರು. ದಾರವನ್ನು ತಡೆದು ಹಿಡಿಯುವ ತಂತಿಯ ಕಮಾನನ್ನು ಎತ್ತಿ, ದಾರವನ್ನು ತೋರುಬೆರಳಿಗೆ ಸಿಕ್ಕಿಸಿ, ನಟ್ಟನ್ನು ತೂಗುಬಿಟ್ಟು ಒಮ್ಮೆ ಆಡಿಸಿ ತೂಕ ನೋಡಿ, ಬೀಸಿದರು. ನಟ್ಟು ಹೋಯಿತು, ಹೋಯಿತು, ಹೋಗಿ ಲಾಂಗ್‌ಜಂಪಿನ ಉಸುಕಿನ ಗುಂಡಿಯ ನಟ್ಟನಡುವೆ ಬಿತ್ತು. ಅದೃಷ್ಟ ಎಂದುಕೊಂಡೆ. ಎರಡನೆಯ ಸಲವೂ ಅಲ್ಲೇ ಬಿತ್ತು. ಮೂರನೆಯ ಸಲ ಕೇಳಿದರು: "ಎಡಕ್ಕ ಹಾಕ್ಲಿರಿ, ಬಲಕ್ಕ ಹಾಕ್ಲಿ?" ಜೀವನದಲ್ಲಿ ಒಂದು ಚೆಂಡನ್ನೂ ಎಸೆಯದ ಮನುಷ್ಯ. ನಾನು ಸರ್ಟಿಫಿಕೇಟು ಪಡೆದ ಪಿ.ಟಿ. ಮಾಸ್ತರ. ಅವತ್ತು ನನಗೆ ಎಷ್ಟು ಹೊಟ್ಟೆ ಉರಿಯಿತೆಂದರೆ ಅವರಿಗೆ ಭೇಷ್ ಎನ್ನುವುದನ್ನೂ ಮರೆತೆ.

ಮುಂದಿನ ರವಿವಾರ ಅವರೇ ಮನೆಗೆ ಬಂದು, "ನದಿಗೆ ಹೋಗೂಣೇನ್ರಿ?" ಎಂದರು. ನನ್ನ ಸ್ಕೂಟರಿನ ಹಿಂದೆ ಕುಳಿತು, ರಾಡನ್ನು ಬಂದೂಕಿನ ಹಾಗೆ ನೆಟ್ಟಗೆ ಹಿಡಿದು ಬಂದರು. ದಂಡೆಯಲ್ಲಿ ನಾನು ಗಾಳದ ಡಬ್ಬಿ ತೆಗೆದ ಕೂಡಲೇ ಅವರು ಕೈಯೆತ್ತಿ ತಡೆದರು. "ನಿಮ್ಮ ಪಾಳಿಗೆ ನೀವು ಏನರ ಕಟ್ಟಕೋರಿ. ನನಗ ನಟ್ಟ ಸಾಕು." ನಾನು ನಕ್ಕೆ. ನದಿಗೆ ಬಂದು ನಟ್ಟು ಎಸೆದರೆ ಏನು ಸಿಗುತ್ತದೆ ಎಂದು ಕೇಳಿದೆ. ಅವರು ನನ್ನನ್ನೇ ದಿಟ್ಟಿಸಿ, "ನೀವು ಸಾಲ್ಯಾಗ ಹುಡುಗರ ಕಡಿಂದ ಗುಂಡ ಒಗಸತೀರಿ. ಗುಂಡಕ್ಕ ಏನ ಸಿಗತೈತ್ರಿ?" ಎಂದರು. ನಾನು ಡಬ್ಬಿ ಮುಚ್ಚಿ ನಟ್ಟು ಕಟ್ಟಿಕೊಟ್ಟೆ.

ಹೀಗೆ ಶುರುವಾದದ್ದು ಮೂರು ವರ್ಷ ನಡೆಯಿತು. ಒಂದೇ ರಾಡು, ಇಬ್ಬರ ಪಾಳಿ. ಅವರು ನೀರಿನಲ್ಲಿ ತೇಲಿಬರುವ ಕಬ್ಬಿನ ರವದಿಯ ಒಂದು ಒಣಗರಿಯನ್ನು ನೋಡಿ, ಅದರ ಮುಂದೆ ಗೇಣು ದೂರಕ್ಕೆ ನಟ್ಟು ಬೀಳಿಸುತ್ತಿದ್ದರು. ಬಿದ್ದ ಮೇಲೆ ರೀಲು ತಿರುಗಿಸುತ್ತ, "ನೋಡ್ರಿ, ಜಗತ್ತಿನಾಗ ಒಗದದ್ದು ತಿರುಗಿ ಕೈಗೆ ಬರೂದು ಇದೊಂದ" ಎನ್ನುತ್ತಿದ್ದರು. ಕಮಾನಿನ ಸ್ಪ್ರಿಂಗು ಮುರಿದಾಗ ಹುಡುಗರು ಬಿಸಾಡಿದ ಬಾಲ್‌ಪೆನ್ನಿನ ಸ್ಪ್ರಿಂಗು ಕತ್ತರಿಸಿ ಕೂಡಿಸಿದರು. ದಾರಕ್ಕೆ ಮುರಿ ಬಿದ್ದಾಗ ನಟ್ಟು ಬಿಚ್ಚಿ, ಬರೀ ದಾರವನ್ನು ಹರಿಯುವ ನೀರಿಗೆ ಉದ್ದಕ್ಕೂ ಬಿಟ್ಟು, ಮುರಿ ತಾನೇ ಬಿಚ್ಚಿಕೊಳ್ಳುವ ತನಕ ಕಾದು ಸುತ್ತಿಕೊಂಡರು. "ನೀವ ಬೆರಳ ಲಗೂನ ಬಿಡತೀರಿ ಮಾಸ್ತರ್ರ. ಥೋಡೆ ತಡೀರಿ. ರಾಡ ನಿಮ್ಮ ಕಣ್ಣ ಮುಂದ ಬಂದಾಗ ಬಿಡ್ರಿ" ಎಂದು ನೂರು ಸಲ ಹೇಳಿಕೊಟ್ಟರು. ನೂರು ಸಲ ನಾನು ಬೇಗನೇ ಬಿಟ್ಟೆ.

ಅವರ ಜೊತೆ ಮೀನು ಹಿಡಿಯಲು ಹೋಗುವುದೆಂದರೆ ತಲೆ ಚಚ್ಚಿಕೊಳ್ಳುವ ಕೆಲಸ. ಎಲ್ಲಿಯಾದರೂ ಮೀನು ಮೇಲೆದ್ದು ಚಿಮ್ಮಿದರೆ ನನ್ನ ಜೀವ ಅಲ್ಲಿಗೆ ಹಾರುತ್ತಿತ್ತು. ಅವರು ತಕ್ಷಣ ರಾಡು ಇಳಿಸಿ, "ಇಲ್ಲಿ ಮೀನ ಅದಾವ್ರಿ. ನಟ್ಟ ಬಡದೀತು ಅವಕ್ಕ. ಆಚೆ ಹೋಗೂಣು" ಎಂದು ಜಾಗವನ್ನೇ ಬದಲಿಸುತ್ತಿದ್ದರು. ಹೊತ್ತು ಇಳಿದು ನೀರು ತಣ್ಣಗಾಗಿ ಮೀನು ಗಾಳಕ್ಕೆ ಬರುವ ಸಮಯ ಶುರುವಾಯಿತು ಎನ್ನುವಾಗ, ಅವರಿಗೆ ಮನೆಗೆ ಹೋಗಲೇಬೇಕು. ಸೂರ್ಯ ಮುಳುಗುವುದರೊಳಗೆ ಊಟವಾಗಬೇಕು. ಮಧ್ಯಾಹ್ನ ನನ್ನ ಡಬ್ಬಿಯ ಉಳ್ಳಾಗಡ್ಡಿಯ ವಾಸನೆ ತಾಗದಂತೆ ಗಾಳಿಯ ದಿಕ್ಕು ನೋಡಿ ಕುಳಿತು, ಅವಲಕ್ಕಿ ಚೂಡಾ ತಿನ್ನುತ್ತಿದ್ದರು. ಮನೆಯಿಂದ ತಂದ ಸೋಸಿದ ನೀರನ್ನಷ್ಟೇ ಕುಡಿಯುತ್ತಿದ್ದರು. ಕೈ ಇದ್ದವರಿಗೆ ಗಾಳ ಬೇಡ, ಗಾಳ ಇದ್ದ ನನಗೆ ಕೈ ಇಲ್ಲ. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಎಂಬ ಗಾದೆ ನಮ್ಮಿಬ್ಬರನ್ನು ನೋಡಿಯೇ ಹುಟ್ಟಿರಬೇಕು ಎನಿಸುತ್ತಿತ್ತು.

ಬಜಾರಿನಲ್ಲಿ ಸುದ್ದಿ ಹಬ್ಬದೆ ಇರುತ್ತದೆಯೆ? ಗಣಿತದ ಮಾಸ್ತರು ಮೀನು ಹಿಡಿಯಲು ಹೋಗುತ್ತಾರಂತೆ ಎಂದು ಕಾಳಿನ ಅಂಗಡಿಯ ಗದ್ದುಗೆಯವರೆಗೆ ಮಾತು ಹೋಯಿತು. ಒಂದು ಸಂಜೆ ಅವರ ಅಣ್ಣ ನನ್ನನ್ನು ಅಂಗಡಿಗೆ ಕರೆಸಿದರು. ಇವರು ಮೂಲೆಯಲ್ಲಿ ತಪ್ಪು ಮಾಡಿದ ಹುಡುಗನ ಹಾಗೆ ನಿಂತಿದ್ದರು. ಅಂಗೈಯಲ್ಲಿ ಆ ನಟ್ಟು.

"ಪಿ.ಟಿ. ಮಾಸ್ತರ್ರ, ನೀವು ಐದ ಹೊತ್ತ ನಮಾಜ ಮಾಡೋ ಮಂದಿ. ಖರೆ ಹೇಳ್ರಿ. ಇಂವಾ ಬರೇ ಇದನ್ನ ಒಗೀತೀನಿ ಅಂತಾನ. ಹೌದೇನ್ರಿ?"

ನಾನು ಶುಕ್ರವಾರಕ್ಕಷ್ಟೇ ಮಸೀದಿ ಕಾಣುವವನು. ಆದರೂ ಅದು ಹೇಳುವ ಹೊತ್ತಲ್ಲ. "ಹೌದ್ರಿ ಅಣ್ಣಾರ. ಅವ್ರಿಗೆ ಹತ್ತರದ್ದು ಕಾಣೂದಿಲ್ಲ, ಕನ್ನಡಕ ನದಿಗೆ ತರೂದಿಲ್ಲ. ನಾನ ಕಟ್ಟಿಕೊಡತೇನಿ. ನಟ್ಟ ಬಿಟ್ರ ಬ್ಯಾರೆ ಕಟ್ಟಿಲ್ಲ, ಕಟ್ಟೂದೂ ಇಲ್ಲ" ಎಂದೆ.

"ಮಂದಿ ಏನರ ಅನ್ಲಿ. ನೀವ ಕಟ್ಟತೀರಿ ಅಂದ್ರ ನನಗ ಭರೋಸಾ ಐತಿ" ಎಂದು ಅಣ್ಣ ಎದ್ದು ನನಗೆ ಚಹಾ ತರಿಸಿದರು. ಇವರು ಆವತ್ತು ನನ್ನನ್ನು ನೋಡಿದ ನೋಟ ಇನ್ನೂ ಕಣ್ಣ ಮುಂದಿದೆ. ಐವತ್ತು ದಾಟಿದ ಮನುಷ್ಯನಿಗೆ ಇದ್ದ ಒಂದೇ ಆಟ ಅದು, ಮತ್ತು ಅದು ನನ್ನ ಮಾತಿನ ಮೇಲೆ ನಿಂತಿತ್ತು.

ಆಮೇಲೆ ನಟ್ಟಿನ ಬದಲು ಡಬ್ಬಿಯಲ್ಲಿದ್ದ ಆ ಹೊಳೆಯುವ ತಗಡು ಬಂತು. ದೂರ ಬಿದ್ದಾಗ ಬಿಸಿಲಿಗೆ ಮಿಂಚುತ್ತದೆ, ಎಲ್ಲಿ ಬಿತ್ತೆಂದು ಕಾಣುತ್ತದೆ ಎಂದು ಅವರಿಗೆ ಅದು ಇಷ್ಟವಾಯಿತು. ತಗಡಿನ ಬಾಲಕ್ಕೆ ಸಣ್ಣ ಬಳೆಯಂಥ ರಿಂಗು, ರಿಂಗಿಗೆ ಮೂರು ಮುಳ್ಳಿನ ಗಾಳ ಇತ್ತು. ಅವರ ಎದುರಿಗೇ ಇಕ್ಕಳದಿಂದ ಗಾಳ ಕಿತ್ತು, ಕಡ್ಡಿಪೆಟ್ಟಿಗೆಯಲ್ಲಿ ಹಾಕಿಟ್ಟುಕೊಂಡೆ.

ನನ್ನ ಹೆಂಡತಿಯ ಅಣ್ಣ ಹಿಡಕಲ್ಲಿನಲ್ಲಿ ಚಹಾದ ಅಂಗಡಿ ಇಟ್ಟಿದ್ದ. ಡ್ಯಾಮಿನ ಹಿನ್ನೀರಿನಲ್ಲಿ ಬೀಸಲು ವಿಶಾಲವಾದ ಜಾಗವಿದೆ ಎಂದು ಒಂದು ಬೇಸಿಗೆಯ ಶುರುವಿನಲ್ಲಿ ನಾವಿಬ್ಬರೂ ರವಿವಾರಕ್ಕೊಮ್ಮೆ ಬೆಳಗಿನ ಬಸ್ಸಿಗೆ ಅಲ್ಲಿಗೆ ಹೋಗತೊಡಗಿದೆವು. ನೀರು ಇಳಿದು, ಹಿಂದೊಮ್ಮೆ ಮುಳುಗಿದ್ದ ಒಂದು ಜಾಲಿಯ ಮರದ ಬೊಡ್ಡೆ ಮೇಲೆದ್ದಿತ್ತು. ಅದರ ನೆರಳಿನಲ್ಲಿ ದೊಡ್ಡ ಮೀನಿದೆ, ಮುಳ್ಳಿಗೆ ಸಿಕ್ಕು ಬಲೆ ಹರಿಯುತ್ತದೆಂದು ಯಾರೂ ಅತ್ತ ಹೋಗುವುದಿಲ್ಲ ಎಂದು ಅವನು ಹೇಳಿದ. ಐದು ರವಿವಾರ ನಾನು ಬೀಸಿದೆ. ಒಂದೂ ಬೊಡ್ಡೆಯ ಹತ್ತಿರ ಬೀಳಲಿಲ್ಲ. ಅವರು ಬೀಸಿದರೆ ಪ್ರತಿ ಸಲವೂ ತಗಡು ಬೊಡ್ಡೆಯ ಪಕ್ಕದಲ್ಲೇ ಬಿದ್ದು, ಹೊಳೆಯುತ್ತ ಬರಿದೇ ಬರುತ್ತಿತ್ತು. ಒಂದು ಸಲ ಅದರ ಹಿಂದೆಯೇ ನೀರು ಉಬ್ಬಿ ಬಂದದ್ದನ್ನು ನಾನು ಕಣ್ಣಾರೆ ನೋಡಿದೆ. ಗಾಳವಿಲ್ಲದ ತಗಡನ್ನು ಅದು ಕಚ್ಚಿ ಬಿಟ್ಟಿತ್ತು. ನಾನು ಹಣೆ ಚಚ್ಚಿಕೊಂಡೆ.

ಆರನೆಯ ರವಿವಾರ ಚಹಾದ ಅಂಗಡಿಯಲ್ಲಿ ನಾಲ್ಕು ಜನರ ಎದುರಿಗೆ ನನ್ನ ಭಾವ, "ಬರ್ರಿ ಬರ್ರಿ, ಒಬ್ರಿಗೆ ಗಾಳ ಇಲ್ಲ, ಒಬ್ರಿಗೆ ತೋಳ ಇಲ್ಲ. ಹಿಡಕಲ್ಲಿನ ಮೀನಾ ನಿಮ್ಮಿಬ್ರನ್ನ ನೋಡಾಕಂತನ ದಂಡಿಗೆ ಬರತಾವಂತ" ಎಂದ. ಎಲ್ಲರೂ ನಕ್ಕರು. ಅವರೂ ನಕ್ಕರು. ನನಗೆ ಮೈ ಉರಿದುಹೋಯಿತು. ದಂಡೆಗೆ ಹೋಗಿ, ಅವರು ಪಾಯಿಜಾಮ ಮಡಚಿಕೊಳ್ಳುವಾಗ ಬೆನ್ನು ತಿರುಗಿಸಿ ಕುಳಿತು, ಕಡ್ಡಿಪೆಟ್ಟಿಗೆಯಿಂದ ಗಾಳ ತೆಗೆದು ರಿಂಗಿಗೆ ಸಿಕ್ಕಿಸಿದೆ. ಒಂದೇ ಸಲ, ಒಂದೇ ಒಂದು ಮೀನು, ಆಮೇಲೆ ತೆಗೆದುಬಿಡುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ.

ರಾಡು ಅವರ ಕೈಗೆ ಕೊಟ್ಟೆ. ಅವರು ಎಂದಿನ ಹಾಗೆ ತಗಡನ್ನು ತೂಗುಬಿಟ್ಟು ಆಡಿಸಿದರು. ಒಮ್ಮೆ, ಎರಡು ಸಲ, ಮೂರು ಸಲ. ನನ್ನ ಕಡೆ ನೋಡಿದರು. ನಾನು ನೀರಿನ ಕಡೆ ನೋಡಿದೆ. ಆಮೇಲೆ ಬೀಸಿದರು.

ತಗಡು ಬೊಡ್ಡೆಯ ಆಚೆ ಬಿತ್ತು. ರೀಲು ನಾಲ್ಕು ಸುತ್ತು ತಿರುಗುವುದರೊಳಗೆ ರಾಡು ಬಿಲ್ಲಾಗಿ ಬಾಗಿ, ಆ ಅಗ್ಗದ ರೀಲು ಗರಗರ ಎಂದು ಒದರತೊಡಗಿತು. ಅವರ ಬಾಯಿಂದ "ಹಾ!" ಎಂದು ಒಂದು ಶಬ್ದ ಬಂತು, ಎದೆಯ ಒಳಗಿನಿಂದ. "ರಾಡ ಎತ್ರಿ! ಎತ್ರಿ ಸರ್ರ! ಎಳೀಬ್ಯಾಡ್ರಿ, ಬಿಡ್ರಿ, ಈಗ ಸುತ್ರಿ!" ಎಂದು ನಾನು ಮೊಣಕಾಲು ನೀರಿನಲ್ಲಿ ಹುಚ್ಚನಂತೆ ಕುಣಿದೆ. ಮೀನು ಬೊಡ್ಡೆಯ ಕಡೆ ನುಗ್ಗಿದಾಗ ಅವರು ರಾಡನ್ನು ಅಡ್ಡ ಹಿಡಿದು ತಿರುಗಿಸಿದರು. ದಾರ ಸಡಿಲಾಗುವ ಮೊದಲೇ ಸುತ್ತಿಕೊಂಡರು. ಯಾರೂ ಕಲಿಸದ ಕೆಲಸ ಅದು. ಕೊನೆಗೆ ದಂಡೆಗೆ ಬಂತು. ಬಾಳೆ ಮೀನು, ಚಿಪ್ಪಿಲ್ಲದ ಬೆಳ್ಳಿಯಂಥ ಮೈ, ಅಗಲ ಬಾಯಿ. ಕಿವಿರಿನ ಸಂದಿಗೆ ಬೆರಳು ಹಾಕಿ ಎರಡೂ ಕೈಯಿಂದ ಎತ್ತಿ ಅವರಿಗೆ ತೋರಿಸಿದೆ. ಅದರ ದವಡೆಯಿಂದ ರಕ್ತ ನನ್ನ ಮುಂಗೈಗೆ ಇಳಿಯುತ್ತಿತ್ತು.

ಅವರು ಮೀನು ನೋಡಲಿಲ್ಲ, ಗಾಳ ನೋಡಿದರು. ಆಮೇಲೆ ನಿಧಾನವಾಗಿ, "ಬಿಡ್ರಿ ಅದನ್ನ" ಎಂದರು.

ಇಕ್ಕಳದಿಂದ ಗಾಳ ಬಿಡಿಸಿದೆ. ನೀರಿಗೆ ಬಿಟ್ಟ ಮೀನು ಒಂದಿಷ್ಟು ಹೊತ್ತು ವಾಲಿಕೊಂಡು ಅಲ್ಲೇ ನಿಂತಿತು. ಅವರು ನೀರಿಗಿಳಿದು ಅದರ ಪಕ್ಕದಲ್ಲಿ ಬಾಗಿ ನಿಂತರು. ಅದು ಬಾಲ ಆಡಿಸಿ ಆಳಕ್ಕೆ ಹೋದ ಮೇಲೆ ರಾಡನ್ನು ನನ್ನ ಕೈಗೆ ಕೊಟ್ಟು, "ಹೋಗೂಣ್ರಿ, ಹೊತ್ತಾತು" ಎಂದರು. ಸೂರ್ಯ ನೆತ್ತಿಯಿಂದ ಆಗತಾನೇ ಇಳಿದಿದ್ದ. ಬಸ್ಸಿನಲ್ಲಿ ಗೋಕಾಕ ಬರುವ ತನಕ ನಾನು ಮೂರು ಸಲ ಬಾಯಿ ತೆರೆದೆ. ಮೂರು ಸಲವೂ ಅವರು ಕಿಟಕಿಯ ಹೊರಗೆ ನೋಡುತ್ತ ಬೆರಳು ತಿಕ್ಕುತ್ತಿದ್ದರು.

ಮರುದಿನ ಶಾಲೆಯಲ್ಲಿ ಅವರು ನೀರನ್ನೂ ಮುಟ್ಟಲಿಲ್ಲ. ಉಪವಾಸ ಎಂದರು. ಅದರ ಮರುದಿನವೂ ಉಪವಾಸ. ಮುಂದಿನ ರವಿವಾರ ನಾನು ಅವರ ಮನೆಗೆ ಹೋಗಿ, ಗಾಳದ ಡಬ್ಬಿಯನ್ನು ಕಾಲುವೆಗೆ ಬಿಸಾಡಿ ಬಂದೆನೆಂದು ಹೇಳಿದೆ. ನಿಜಕ್ಕೂ ಬಿಸಾಡಿದ್ದೆ. ಹೊಸ ನಟ್ಟು ತೋರಿಸಿದೆ. "ಬ್ಯಾಡ್ರಿ ಮಾಸ್ತರ್ರ. ಸಾಕಾತು" ಎಂದು ನಕ್ಕು, ನನ್ನ ಮಗಳ ಪರೀಕ್ಷೆಯ ಬಗ್ಗೆ ಕೇಳಿದರು. ಹತ್ತು ಸಲ ಹೋಗಿರಬೇಕು. ಹತ್ತು ಸಲವೂ ಅದೇ ನಗೆ, ಅದೇ ಮಾತು. "ಒಂದ ಸಲ ಬೈರಿ ನನ್ನ! ಕಪಾಳಕ್ಕ ಹೊಡೀರಿ ಬೇಕಾದ್ರ!" ಎಂದು ಒಮ್ಮೆ ಸ್ಟಾಫ್ ರೂಮಿನಲ್ಲಿ ಯಾರೂ ಇಲ್ಲದಾಗ ಕೂಗಿಬಿಟ್ಟೆ. "ಯಾಕ ಬೈಲಿರಿ?" ಎಂದು ಚಾಕ್‌ಪೀಸು ಎತ್ತಿಕೊಂಡು ಕ್ಲಾಸಿಗೆ ಹೋದರು. ಬೈಯುವವರನ್ನು ಸಹಿಸಬಹುದು, ಬೈಯದವರನ್ನು ಸಹಿಸುವುದು ಯಮಸಾಹಸ. ಅವರ ಅಣ್ಣ ಬಜಾರಿನಲ್ಲಿ ಸಿಕ್ಕು, "ಯಾಕ್ರಿ, ತಮ್ಮ ಒಗ್ಯೂದು ಬಿಟ್ಟಾನಲ್ಲ?" ಎಂದು ಕೇಳಿದಾಗ, ಭುಜ ನೋವಂತೆ ಎಂದು ಇನ್ನೊಂದು ಸುಳ್ಳು ಹೇಳಿದೆ.

ಆ ವರ್ಷ ಮಳೆಗಾಲದ ಕೊನೆಗೆ ಅವರ ದಶಲಕ್ಷಣ ಪರ್ವ ಮುಗಿಯಿತು. ಕ್ಷಮಾವಣಿಯ ದಿನ ಜೈನರು ಪರಿಚಯದವರ ಬಳಿಗೆಲ್ಲ ಹೋಗಿ ಕ್ಷಮೆ ಕೇಳುತ್ತಾರೆ. ಅವರು ಸ್ಟಾಫ್ ರೂಮಿಗೆ ಬಂದು ಒಬ್ಬೊಬ್ಬರಿಗೂ ಕೈಮುಗಿದು, ನನ್ನ ಮುಂದೆಯೂ ನಿಂತು, "ಗೊತ್ತಿದ್ದೋ ಗೊತ್ತಿಲ್ಲದೋ ತಪ್ಪಾಗಿದ್ರ ಕ್ಷಮಾ ಮಾಡ್ರಿ" ಎಂದರು. ನಾನು ಕುದ್ದುಹೋದೆ. ಮೋಸ ಮಾಡಿದವನು ನಾನು, ಕ್ಷಮೆ ಕೇಳುವವರು ಇವರು! ಚುಚ್ಚುತ್ತಿದ್ದಾರೆ ಎಂದೇ ಅನಿಸಿತು. ಸೀಟಿ ಎತ್ತಿಕೊಂಡು ಮೈದಾನಕ್ಕೆ ನಡೆದೆ. ಮುಂದಿನ ವರ್ಷವೂ ಬಂದರು, ಅದರ ಮುಂದಿನ ವರ್ಷವೂ. ಪ್ರತಿ ಸಲ ನಾನು ಏನೋ ನೆಪ ಮಾಡಿ ಎದ್ದುಹೋಗುತ್ತಿದ್ದೆ. ಅವರು ನಿವೃತ್ತರಾದರು. ನಿವೃತ್ತರಾದ ಮೇಲೂ ವರ್ಷಕ್ಕೊಮ್ಮೆ ಆ ದಿನ ನನ್ನ ಮನೆಯ ಬಾಗಿಲಿಗೆ ಬಂದು ಕೈಮುಗಿದು ಹೋಗುತ್ತಿದ್ದರು. ಬೇರೆ ಯಾವ ಮಾಸ್ತರರ ಮನೆಗೂ ಹೋಗುತ್ತಿರಲಿಲ್ಲವೆಂದು ಆಮೇಲೆ ತಿಳಿಯಿತು.

ಈ ವರ್ಷ ಅವರು ಬರಲಿಲ್ಲ. ಆರೋಗ್ಯ ಕೆಟ್ಟು ಗೋಕಾಕದಲ್ಲಿ ಮಗಳ ಮನೆಯಲ್ಲಿದ್ದಾರೆ ಎಂದು ಗೊತ್ತಾಗಿ ನಾನೇ ಹೋದೆ. ಮಂಚದ ಮೇಲೆ ದಿಂಬಿಗೆ ಒರಗಿದ್ದರು. ಮೊದಲೇ ಸಣಕಲು, ಈಗ ಅಂಗಿಯೊಳಗೆ ಮನುಷ್ಯ ಇದ್ದಾನೋ ಇಲ್ಲವೋ ಎನ್ನುವ ಹಾಗಿದ್ದರು. ಮಗಳು ಕುರ್ಚಿ ಹಾಕಿ, ಚಹಾ ಮಾಡಲು ಅಡುಗೆಮನೆಗೆ ಹೋದಳು. ಇನ್ನು ತಡೆಯಲಾಗಲಿಲ್ಲ.

"ಸರ್ರ, ಹಿಡಕಲ್ಲಿನಾಗ ಆ ಗಾಳ ನಾನ ಕಟ್ಟಿದ್ದು. ನಿಮ್ಮ ಅಣ್ಣಾರಿಗೆ ಮಾತ ಕೊಟ್ಟ ಕಟ್ಟಿದೆ. ನನಗ ಮಾಫ್ ಮಾಡ್ರಿ."

ಅವರು ಬಾಗಿಲ ಕಡೆ ಒಮ್ಮೆ ನೋಡಿ, "ನನಗ ಗೊತ್ತಿತ್ತರಿ" ಎಂದರು.

"ಗೊತ್ತಾಗಲಾರದ ಏನ್ರಿ, ಮೀನಿನ ಬಾಯಾಗ ಕಂಡಿತ್ತಲ್ಲ."

"ಅವಾಗ ಅಲ್ರಿ. ಒಗ್ಯೂಕಿಂತ ಮೊದ್ಲ. ರಾಡ ಕೈಯಾಗ ಬಂದ ಕೂಡ್ಲೇ. ಮೂರ ವರ್ಷ ಆ ರಾಡ ಹಿಡದೇನಿ, ತೂಕ ಹೆಚ್ಚಾಗಿದ್ದು ಬೆರಳಿಗೆ ತಿಳೀದ ಇರತೈತೇನ್ರಿ?" ಅವರು ಉಸಿರು ತೆಗೆದುಕೊಂಡರು. "ಗೊತ್ತಿದ್ದ ಒಗದೆ. ಒಂದ ಸಲ ನೋಡೂಣು ಅನಿಸಿತು. ತಪ್ಪ ನಂದು. ನೀವ ನಿಮ್ಮದಂತ ಹೊತಗೊಂಡ ತಿರಗಾಡಾಕತ್ರಿ, ನಾ ಬಾಯಿ ಬಿಡಲಿಲ್ಲ. ವರ್ಷಾ ನಿಮ್ಮ ಮನೀಗೆ ಬಂದ ಕೈಮುಗೀತಿದ್ದೆ. ಹೇಳಾಕ ಮಾತ್ರ ಧೈರ್ಯ ಆಗಲಿಲ್ಲ."

ನನಗೆ ಎಲ್ಲಿತ್ತೋ ಸಿಟ್ಟು. ರೋಗಿಯ ಮುಂದೆ ಕುಳಿತಿದ್ದೇನೆ ಎಂಬುದೂ ಮರೆತುಹೋಯಿತು. "ಇಷ್ಟ ವರ್ಷ ನಿದ್ದಿಗೆಟ್ಟೇನ್ರಿ ನಾನು! ಆ ರಾಡ ಅಟ್ಟಕ್ಕ ಒಗದ ಮೀನ ತಿನ್ನೂದನ್ನ ಬಿಟ್ಟೆ! ಒಂದ ಮಾತ ಹೇಳಿದ್ರ ನಿಮ್ಮ ಗಂಟ ಏನ ಹೋಗತಿತ್ತರಿ?"

"ಬರೋಬರಿ ಐತ್ರಿ" ಎಂದರು. ಕೈ ಎತ್ತಿ ಜೋಡಿಸಲು ಹೋದರು. ಎಡಗೈ ಮೇಲೆ ಬರಲಿಲ್ಲ. ನಾನೇ ಆ ಕೈಯನ್ನು ಹಿಡಿದುಕೊಂಡೆ. "ಮಾಫ್ ಮಾಡೇನಿ ಬಿಡ್ರಿ, ಮಾಡೇನಿ" ಎಂದೆ. ಒಳಗೆ ಚಹಾ ಕುದಿಯುವ ವಾಸನೆ ಬರುತ್ತಿತ್ತು.

ಆಮೇಲೆ ಅವರು ನನ್ನ ಕೈಯನ್ನು 'ಇತ್ತ ಬಾಗಿರಿ' ಎಂಬಂತೆ ಎಳೆದರು. ಮಗಳಿಗೆ ಕೇಳಿಸದ ಹಾಗೆ ದನಿ ತಗ್ಗಿಸಿ, "ನೀವ ಎತ್ತಿದ್ರಲ್ಲ, ಖರೆ ಹೇಳ್ರಿ. ಎಷ್ಟ ತೂಕ ಇದ್ದೀತ್ರಿ ಅದು?" ಎಂದು ಕೇಳಿದರು.

ಸಾಯುವ ಮನುಷ್ಯನಿಗೆ ಒಂದಿಷ್ಟು ಸಂತೋಷವಾಗಲಿ ಎಂದು, "ಎಂಟ ಕಿಲೋಕ್ಕ ಕಡಿಮಿ ಇರಲಿಲ್ರಿ ಸರ್ರ" ಎಂದೆ.

ಅವರು ನನ್ನನ್ನು ಎರಡನೇ ಸಾಲಿನಲ್ಲಿ ತಪ್ಪಿದ ಹುಡುಗನನ್ನು ನೋಡುವ ಹಾಗೆ ನೋಡಿದರು. ತಲೆ ಅಲ್ಲಾಡಿಸಿದರು.

"ಎಂಟಿದ್ರ ಆ ರಾಡ ಮುರೀತಿತ್ತು. ಮೂರೂವರಿ, ಭಾಳಂದ್ರ ನಾಕು" ಎಂದರು. "ನಾ ಲೆಕ್ಕಾ ಹಾಕೇನಿ."